ವ್ಯೋಮಭೀತ ದಾಂಪತ್ಯ: ಒಂದು ಬಹುಶಿಸ್ತೀಯ, ಬಹುಸೂಟ್‌ಕೇಸೀಯ ಅಧ್ಯಯನ

ವಿಮಾನವೆಂದರೆ ನಡುಗುವ ಗಂಡಹೆಂಡತಿ ವಿಮಾನ ಹತ್ತಿಯೇ ದೇಶ ಬಿಡುವ ವಿದ್ಯಮಾನದತ್ತ ವಿದ್ವಲ್ಲೋಕ ಕಣ್ಣು ಹಾಯಿಸಿಲ್ಲವೆಂಬ ಬಹುದೊಡ್ಡ ಕೊರತೆಯನ್ನು ನೀಗಲು ಪ್ರಸ್ತುತ ಪ್ರಬಂಧ ಸಿದ್ಧವಾಗಿದೆ. (ಬಹುದೊಡ್ಡ ಕೊರತೆಯನ್ನು ನೀಗದ ಪ್ರಬಂಧವನ್ನು ಯಾವ ವಿಚಾರಸಂಕಿರಣದಲ್ಲೂ ಓದಗೊಡುವುದಿಲ್ಲ.) ಅಧ್ಯಯನದ ವ್ಯಾಪ್ತಿಯನ್ನು, ಅಮೆರಿಕದ ಪೌರತ್ವ ಪಡೆದ ಮಗನ ಅಥವಾ ಮಗಳ ಬಳಿಗೆ ನಿವೃತ್ತಿಯ ನಂತರ ಕಾಯಂ ಆಗಿ ಹೊರಟ ಕನ್ನಡ ದಂಪತಿಗಳಿಗೆ ಸೀಮಿತಗೊಳಿಸಿದೆ. ಪ್ರಾಕ್ಕಲ್ಪನೆ ಹೀಗಿದೆ: ವ್ಯೋಮಯಾನಪೂರ್ವ ಉಭಯನಿಷ್ಠ ಆತಂಕವು (ಇನ್ನು ಮುಂದೆ ‘ವ್ಯೋಉಆ’) ದೇಶಾಂತರಗಮನದ ಸಂಕಥನದೊಳಗೆ ಅಂತರ್ಗತವಾಗಿರುವ ಸ್ಥಾನಪಲ್ಲಟಾತ್ಮಕ ವಿಷಾದದ ಯಂತ್ರಾರೋಪಿತ ಬಾಹ್ಯೀಕರಣ. ಬಿಡಿಸಿ ಹೇಳಿದರೆ, ಹೆದರಿಕೆ ಹಾರುವುದರದ್ದಲ್ಲ, ಹೋಗುವುದರದ್ದು; ಬೈಗುಳ ಮಾತ್ರ ವಿಮಾನದ ಪಾಲಿಗೆ ಬಂದಿದೆ. ಇಷ್ಟಕ್ಕೇ ನಿಲ್ಲಿಸಿದರೆ ಬಡ್ತಿಗೆ ಬೇಕಾದ ಅಂಕ ಸಿಗದಾದ್ದರಿಂದ ಮುಂದುವರಿಸಲಾಗಿದೆ.

ವೈಜ್ಞಾನಿಕತೆಗಾಗಿ ಮೊದಲು ವರ್ಗೀಕರಣ. ವ್ಯೋಮಭೀತ ದಾಂಪತ್ಯದಲ್ಲಿ ಏಕಭೀತ, ಉಭಯಭೀತ, ಅನ್ಯೋನ್ಯಭೀತ, ಗುಪ್ತಭೀತ ಎಂದು ನಾಲ್ಕು ಪ್ರಭೇದಗಳು. ಏಕಭೀತದಲ್ಲಿ ಒಬ್ಬರು ಹೆದರುತ್ತಾರೆ, ಇನ್ನೊಬ್ಬರು ಉಪದೇಶಿಸುತ್ತಾರೆ. ಉಭಯಭೀತದಲ್ಲಿ ಉಪದೇಶದ ಕೆಲಸ ಗಗನಸಖಿಯ ಪಾಲಿಗೆ ಬರುತ್ತದೆ. ಅನ್ಯೋನ್ಯಭೀತದಲ್ಲಿ ವಿಮಾನಕ್ಕಿಂತ, ಹದಿನಾರು ಹದಿನೇಳು ತಾಸು ಒಬ್ಬರ ಮಗ್ಗುಲಲ್ಲಿ ಒಬ್ಬರು ಕೂರಬೇಕೆಂಬುದೇ ಇಬ್ಬರ ಚಿಂತೆ. ಗುಪ್ತಭೀತದಲ್ಲಿ ಗಂಡಸು, ‘ನನಗೇನಿಲ್ಲ, ನಿನ್ನ ಮಂಡಿನೋವಿಗೋಸ್ಕರ ಮುಂದಿನ ವರ್ಷ ಹೋಗೋಣ ಅಂದೆ’ ಎನ್ನುತ್ತಾನೆ. ಒಂದೊಂದಕ್ಕೂ ಮುಮ್ಮೂರು ಉಪಪ್ರಭೇದಗಳಿವೆ, ಅವು ಇರಲಿ. ವರ್ಗೀಕರಣದಿಂದ ಯಾರ ಹೆದರಿಕೆಯೂ ಹೋದದ್ದಿಲ್ಲ, ವರ್ಗೀಕರಿಸಿದವನದು ಕೂಡ.

ಈ ಕ್ಷೇತ್ರದಲ್ಲಿ ಈಗಾಗಲೇ ಬೀಡುಬಿಟ್ಟಿರುವ ಪಂಥವನ್ನು ‘ತಿಳಿವಳಿಕಾವಾದ’ ಎನ್ನಬಹುದು. ಹೆದರುವುದು ತಿಳಿಯದ್ದರಿಂದ, ತಿಳಿಸಿದರೆ ಭಯ ಇಳಿಯುತ್ತದೆ ಎಂಬುದು ಅದರ ಮಹಾವಾಕ್ಯ. ಕರಪತ್ರ ಹಂಚುವವರು, ಧೈರ್ಯದ ಶಿಬಿರ ನಡೆಸುವವರು, ಊಟದ ಹೊತ್ತಿಗೆ ಫೋನ್ ಮಾಡುವ ಅಳಿಯ, ಎಲ್ಲರೂ ಇದೇ ಪಂಥದವರು. ಅವರು ಹೇಳುವುದು ಸುಳ್ಳಲ್ಲ, ಸಂಕಟವಿರುವುದೇ ಅಲ್ಲಿ. ವಿಮಾನದೊಳಗಿನ ಗಾಳಿಯೊತ್ತಡ 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ; 1930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಮಂಡಕ್ಕಿ ತಿಂದವರು ಹೆದರಬೇಕಿಲ್ಲ. ಬೋಯಿಂಗ್ 787ರ ರೆಕ್ಕೆಯನ್ನು 2010ರ ಪರೀಕ್ಷೆಯಲ್ಲಿ ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿದರೂ ಅದು ಮುರಿಯಲಿಲ್ಲ. ಒಂದು ಎಂಜಿನ್ ನಿಂತರೆ ಇನ್ನೊಂದರಲ್ಲೇ ತಾಸುಗಟ್ಟಲೆ ಹಾರಬಹುದು. ಅಮೆರಿಕದ ಎಂಐಟಿಯ ಅರ್ನಾಲ್ಡ್ ಬಾರ್ನೆಟ್ ಅವರ ಲೆಕ್ಕದಂತೆ 2018ರಿಂದ 2022ರ ನಡುವೆ ಜಗತ್ತಿನ ವಿಮಾನಯಾನದಲ್ಲಿ 1.37 ಕೋಟಿ ಬಾರಿ ವಿಮಾನ ಹತ್ತಿದ್ದಕ್ಕೆ ಒಂದು ಸಾವು. ನಮ್ಮ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1.68 ಲಕ್ಷ, ಎಂದರೆ ಭಯಪಡಬೇಕಾದ್ದು ದೇವನಹಳ್ಳಿಗೆ ಹೋಗುವ ಟ್ಯಾಕ್ಸಿಗೆ. ಎಲ್ಲ ನಿಜ. ಆದರೆ ಟ್ಯಾಕ್ಸಿ ಯಾರನ್ನೂ ಕಾಯಂ ಆಗಿ ಬೇರೊಂದು ಖಂಡದಲ್ಲಿ ಇಳಿಸಿ ಬರುವುದಿಲ್ಲ.

ತಿಳಿವಳಿಕಾವಾದದ ಖಂಡನೆಗೆ ಒಂದೇ ಪ್ರಮಾಣ ಸಾಕು: ಚಿತ್ರನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್. ಆತನಿಗೆ ವಿಮಾನ ನಡೆಸುವ ಪರವಾನಗಿಯಿತ್ತು. ಯಂತ್ರದ ಬಗ್ಗೆ ತಿಳಿಯಬೇಕಾದ್ದು ತಿಳಿದಿತ್ತು. ಹಾರುವ ಭಯ ಹಿಡಿದದ್ದು ಅದರ ನಂತರ. 1960ರ ದಶಕದಲ್ಲಿ ಹೆಂಡತಿ ಕ್ರಿಸ್ಟಿಯಾನೆಯೊಂದಿಗೆ ಇಂಗ್ಲೆಂಡಿನಲ್ಲಿ ನೆಲೆನಿಂತಾಗ ಅಟ್ಲಾಂಟಿಕ್ ದಾಟಲು ಆತ ನೆಚ್ಚಿದ್ದು ಹಡಗನ್ನು. 1968ರ ಚಿತ್ರದಲ್ಲಿ ತನ್ನ ಪಾತ್ರಗಳನ್ನು ಗುರುಗ್ರಹದವರೆಗೆ ಕಳಿಸಿದವನು, 1987ರ ಚಿತ್ರಕ್ಕೆ ವಿಯೆಟ್ನಾಂ ಬೇಕಾದಾಗ ಪೂರ್ವ ಲಂಡನ್ನಿನ ಹಾಳುಬಿದ್ದ ಅನಿಲ ಕಾರ್ಖಾನೆಯಲ್ಲೇ ತಾಳೆಮರ ನೆಡಿಸಿದ. ಬರುವುದಿಲ್ಲ ಎನ್ನುವ ಅಧಿಕಾರ ಆತನಿಗಿತ್ತು, ಹಡಗಿಗೆ ಕೊಡಲು ಹಣವಿತ್ತು. ಮೈಸೂರಿನ ಸರಸ್ವತಿಪುರಂನಿಂದ ಹೊರಡುವ ದಂಪತಿಗೆ ಎರಡೂ ಇಲ್ಲ. ಮುಂಬೈಯಿಂದ ಪರದೇಶಕ್ಕೆ ಹೋಗುತ್ತಿದ್ದ ಪ್ರಯಾಣಿಕ ಹಡಗುಗಳ ಕಾಲ ಎಂದೋ ಮುಗಿದುಹೋಯಿತು.

ಹಡಗಿದ್ದ ಕಾಲದಲ್ಲಿ ಭಯವಿರಲಿಲ್ಲವೇ ಎಂಬ ಪೂರ್ವಪಕ್ಷ ಇಲ್ಲಿ ಬರುತ್ತದೆ. ಇತ್ತು, ಶಾಸ್ತ್ರೋಕ್ತವಾಗಿಯೇ ಇತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕೃತ್ಯಗಳ ಪಟ್ಟಿಗೆ ಸೇರಿಸುತ್ತದೆ. ಮುಳುಗೀರಿ ಎಂಬ ಎಚ್ಚರಿಕೆಯಲ್ಲ ಅದು. ದಡ ಮುಟ್ಟಿದವನಿಗೂ ಪತನವೇ. 1888ರಲ್ಲಿ ಗಾಂಧಿ ಲಂಡನ್ನಿಗೆ ಹೊರಟಾಗ ಮುಂಬೈಯಲ್ಲಿ ಜಾತಿಯ ಪಂಚಾಯಿತಿ ಸೇರಿ ಬಹಿಷ್ಕಾರ ಹಾಕಿತು. ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. ಆ ಹಿರಿಯರಿಗೆ ಅಲೆ, ಬಿರುಗಾಳಿಗಳ ಚಿಂತೆಯಿರಲಿಲ್ಲ. ಹೋದವನು ಹೋದಂತೆಯೇ ಬರಲಾರ ಎಂಬುದು ಗೊತ್ತಿತ್ತು, ಅದನ್ನು ಸಮುದ್ರದ ತಲೆಗೆ ಕಟ್ಟಿದರು. ಅವರ ಕಟ್ಟಳೆ ಕ್ರೂರವಾಗಿತ್ತು, ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಹೊರಡುವುದು ದೊಡ್ಡ ಸಂಗತಿಯೆಂಬುದನ್ನಾದರೂ ಅವರು ಒಪ್ಪಿಕೊಂಡಿದ್ದರು. ಈಗ ದಂಡವಿಲ್ಲ, ಬೀಳ್ಕೊಡಲು ಬಂದವರನ್ನು ಟರ್ಮಿನಲ್ಲಿನ ಬಾಗಿಲಲ್ಲೇ ತಡೆಯುತ್ತಾರೆ, ಉಚಿತವಾಗಿ.

ಇನ್ನು ‘ಹಲ್ಲು ಕಚ್ಚಿ ಒಂದು ಸಲ ಹೋಗಿಬಿಟ್ಟರೆ ಆಯಿತಲ್ಲ’ ಎಂಬ ಜನಪ್ರಿಯ ಪೂರ್ವಪಕ್ಷ. ಆಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರು ಊರಿಗೆ ಬಂದು, ಮುಂಚಿತ ಅನುಮತಿಯಿಲ್ಲದೆ ವರ್ಷಕ್ಕಿಂತ ಹೆಚ್ಚು ಉಳಿದರೆ ನೆಲೆ ತೊರೆದವರೆಂದು ಎಣಿಸಲ್ಪಡಬಹುದು. ಆರು ತಿಂಗಳು ಮೀರಿದರೂ ಪ್ರಶ್ನೆಗಳೇಳುತ್ತವೆ. ಅಕ್ಕನ ಮಗನ ಮದುವೆ, ಅಣ್ಣನ ತಿಥಿ, ಬ್ಯಾಂಕಿನ ಸಹಿ ಎಂದು ಬಂದವರು ಗಡುವಿನೊಳಗೆ ಮತ್ತೆ ಹಾರಲೇಬೇಕು. ಅಮೆರಿಕದಲ್ಲೇ ಕಾಯಿಲೆ ಬಿದ್ದರೆ ಸರ್ಕಾರದ ಮೆಡಿಕೇರ್ ವಿಮೆಗೆ ಹೊಸಬರು ಐದು ವರ್ಷ ಸತತವಾಗಿ ನೆಲೆಸಿರಬೇಕು. ಖಾಸಗಿ ವಿಮೆಯ ಕಂತು ನೋಡಿ ಎದೆಬಡಿತ ಏರಿದರೆ ಅದೂ ವ್ಯೋಉಆದ ಖಾತೆಗೇ ಜಮಾ. ಸಾಮಾನಿನ ಮಾತೂ ಇಲ್ಲೇ ಬರಬೇಕು. ತಲೆಗೆ 23 ಕಿಲೋದ ಎರಡು ಸೂಟ್‌ಕೇಸ್, ಕೈಚೀಲಕ್ಕೆ ಏಳೆಂಟು ಕಿಲೋ. ನಲವತ್ತು ವರ್ಷದ ಸಂಸಾರವನ್ನು ಇದಕ್ಕೆ ಇಳಿಸುವಾಗ ಒರಳುಕಲ್ಲು ಮೊದಲೇ ಬಿದ್ದುಹೋಗುತ್ತದೆ. ಆಮೇಲೆ ಪುಸ್ತಕ, ಆಮೇಲೆ ಹಿತ್ತಾಳೆ ಪಾತ್ರೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಮಾತ್ರ ಕೊನೆಯವರೆಗೆ ಜಗ್ಗುವುದಿಲ್ಲ. ಹೆದರಿಕೆಗೆ ಮಾತ್ರ ತೂಕದ ಮಿತಿಯಿಲ್ಲ. ಬೇರೆಲ್ಲೂ ತುಂಬಲಾಗದ್ದನ್ನು ಅದರಲ್ಲೇ ತುಂಬಿಕೊಂಡು ಹೋಗುತ್ತಾರೆ.

ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ವಿಮಾನಗಳು ನಿಜಕ್ಕೂ ಬೀಳುತ್ತವೆ, ಅದಕ್ಕೆ ವಿಷಾದದ ವೇಷ ತೊಡಿಸುವುದೇಕೆ? ಇಲ್ಲಿ ಪರಿಭಾಷೆಯನ್ನು ಕೆಳಗಿಡಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಜನ ಸತ್ತರು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದ್ದರೂ ಮುಖ್ಯ ಪೈಲಟ್ ಇಳಿಸಿದರೆಂದು ತನಿಖೆ ಕಂಡುಕೊಂಡಿತು. ಪರಿಹಾರಕ್ಕಾಗಿ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೆ ಹತ್ತಬೇಕಾಯಿತು. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಎದ್ದ, ಅದೇ ಬಗ್ಗಿಯೂ ಮುರಿಯದ ರೆಕ್ಕೆಯ 787ರಲ್ಲಿ 242 ಜನರಲ್ಲಿ ಉಳಿದವರು ಒಬ್ಬರು. ಅಲ್ಲಿ ಸಂಸಾರ ಹೂಡಲೆಂದು ಮಕ್ಕಳೊಂದಿಗೆ ಹೊರಟಿದ್ದ ದಂಪತಿಯೂ ಸತ್ತವರಲ್ಲಿದ್ದರು. ಇಂಥ ಸುದ್ದಿ ಓದಿ ನಡುಗುವವರಿಗೆ 1.37 ಕೋಟಿಯಲ್ಲಿ ಒಂದು ಎಂದು ಪಾಠ ಒಪ್ಪಿಸುವುದು ತಿಳಿವಳಿಕೆಯಲ್ಲ, ಒರಟುತನ. ಪ್ರಬಂಧದ ವಾದ ಇದರಿಂದ ಬೀಳುವುದಿಲ್ಲ. ಸಾಯುವ ಭಯ ಎಲ್ಲ ಪ್ರಯಾಣಿಕರಿಗೂ ಸಮಾನ. ಆದರೆ ಹೋಗುವ ವಿಮಾನವೂ ಬರುವ ವಿಮಾನವೂ ಅದೇ ಯಂತ್ರವಾಗಿರುವಾಗ, ಯಾವ ದಿಕ್ಕಿಗೆ ಹೊರಟಿದ್ದೀರಿ ಎಂದು ಧೈರ್ಯದ ಕರಪತ್ರಗಳು ಒಮ್ಮೆಯಾದರೂ ಕೇಳಬೇಡವೇ? ಮುಚ್ಚಿದ ಜಾಗವೆಂದರೆ ಉಸಿರು ಕಟ್ಟುವವರು, ವಿಮಾನ ಕುಲುಕಿದರೆ ಬೆವರುವವರು ಬೇರೆ. ಅವರಿಗೆ ಚಿಕಿತ್ಸೆಯಿದೆ, ಅದು ಫಲವನ್ನೂ ಕೊಡುತ್ತದೆ, ಅವರು ವೈದ್ಯರ ಬಳಿ ಹೋಗಲಿ.

ಉಳಿದವರಿಗೆ ಧೈರ್ಯ ಹೇಳಬಯಸುವ ಮಕ್ಕಳು, ಅಳಿಯಂದಿರು, ಶಿಬಿರದ ಪಂಡಿತರು ರೆಕ್ಕೆಯ ಬಾಗುವಿಕೆಯನ್ನು ಬಿಟ್ಟು ಬೇರೆ ಮಾತಾಡಲಿ. ಮನೆ ಮಾರಬೇಡಿ, ಬಾಡಿಗೆಗೆ ಕೊಟ್ಟು ಒಂದು ಕೋಣೆ ಇಟ್ಟುಕೊಳ್ಳಿ ಎನ್ನಲಿ. ಅಲ್ಲಿ ಕಾರಿಲ್ಲದೆ ನಡೆದು ಹೋಗಬಹುದಾದ ಅಂಗಡಿ, ಗ್ರಂಥಾಲಯ, ಮಾತಿಗೆ ಸಿಗುವ ನಾಲ್ಕು ಜನ ಎಲ್ಲಿದ್ದಾರೆಂದು ಈಗಲೇ ಪಟ್ಟಿ ಕೊಡಲಿ. ಹಿಡಿಸದಿದ್ದರೆ ವಾಪಸು ಬನ್ನಿ, ಯಾರೂ ಸೋತಿರೆಂದು ಆಡಿಕೊಳ್ಳುವುದಿಲ್ಲ ಎಂಬುದನ್ನು ಟಿಕೆಟ್ ತೆಗೆಯುವ ಮುಂಚೆಯೇ, ಇಬ್ಬರೂ ಕೇಳುವಂತೆ, ಕನ್ನಡದಲ್ಲೇ ಹೇಳಲಿ. ಅದಾದ ಮೇಲೂ ಕೈ ನಡುಗಿದರೆ ಬೌಧಾಯನನನ್ನು ಬಿಟ್ಟು ಬೋಯಿಂಗಿನವರನ್ನು ಬೈಯೋಣ.