ಸ್ವಹಸ್ತ ಮಾಸ್ತರರು

ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಸಮಾನ ನಿಷ್ಠೆಯಿಂದ ಆಡುವ ಸೊಲ್ಲಾಪುರ ಸೀಮೆಯ ಕಂದಲಗಾಂವದಂಥ ಗ್ರಾಮಗಳಲ್ಲಿ, ಕುಶಲಕರ್ಮಿಗೆ ಕೂಲಿ ಕೊಡುವುದನ್ನು ತಮ್ಮ ಪೌರುಷಕ್ಕೆ ಕುಂದೆಂದು ಬಗೆಯುವ ಮಹಾಶಯರೊಬ್ಬರು ಇದ್ದೇ ಇರುತ್ತಾರೆ. ನಮ್ಮವರು ನಿವೃತ್ತ ಮಾಸ್ತರರು. ಅವರ ಹಸ್ತಸ್ಪರ್ಶದಿಂದ ಪಾವನವಾಗಿ, ಅನಂತರ ಚಿಕಿತ್ಸೆಗೆಂದು ಸೊಲ್ಲಾಪುರದ ಪೇಟೆಗೆ ಹೋಗಿ ಬಾರದ ಗಡಿಯಾರ, ಪಂಖಾ, ನಲ್ಲಿಗಳು ಆ ಮನೆಯಲ್ಲಿಲ್ಲ.

ಈ ಸಲ ಅವರ ಕೃಪಾಕಟಾಕ್ಷ ಬಿದ್ದದ್ದು ಹಳೆಯ ಕಾರಿನ ಒಳಚಾವಣಿಯ ಮೇಲೆ. ಬಟ್ಟೆಗೂ ಮೇಲಿನ ಹಲಗೆಗೂ ನಡುವಣ ಫೋಮಿನ ತೆಳುಪದರವು, 42 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ಅಲ್ಲಿಯ ವೈಶಾಖದ ಬಿಸಿಲನ್ನು ವರ್ಷಗಟ್ಟಲೆ ಸಹಿಸಿ ಕಡೆಗೆ ಹಿಟ್ಟಾಗಿ ಉದುರಲು, ಆಧಾರ ತಪ್ಪಿದ ಬಟ್ಟೆ ಮದುವೆಮನೆಯ ಚಪ್ಪರದಂತೆ ಜೋತುಬಿದ್ದು ಹಿಂದೆ ಕುಳಿತವರ ಶಿರಸ್ಸನ್ನು ಆಶೀರ್ವದಿಸುತ್ತಿತ್ತು. ಬಟ್ಟೆ ಕಿತ್ತು ಹಲಗೆಗೇ ಕರಿಯ ಬಣ್ಣ ಹೊಡೆಯಲು ಹೊರಟ ಅವರಿಗೆ ಕುಶನ್ ಕೆಲಸದ ಹುಡುಗ ವಿನಯದಿಂದಲೇ ಹೇಳಿದ: “ಮಾಸ್ತರ, ಹಳೇ ಫೋಮ್ ಪೂರಾ ತಿಕ್ಕಿ ತಗೀಬೇಕ್ರಿ, ಇಲ್ಲಂದ್ರ ಬಣ್ಣ ಹಿಡಿಯಂಗಿಲ್ರಿ.”

“ನೀ ಹುಟ್ಟೂಕಿಂತ ಮದಲ ನಾ ಮನಿಗೆ ಸುಣ್ಣಾ ಹೊಡದಾಂವ, ತಮ್ಮಾ!”

ಬಟ್ಟೆಯನ್ನು ಕಿತ್ತೆಸೆದರು. ಗಾಜುಗಳಿಗೆ ಕಾಗದ ಮುಚ್ಚುವಲ್ಲಿ ಮಾತ್ರ ಅವರ ವಿವೇಕ ಅಸಾಧಾರಣವಾಗಿತ್ತು: ಕನ್ನಡ ಪತ್ರಿಕೆ ಎಡಕ್ಕೆ, ಮರಾಠಿ ಪತ್ರಿಕೆ ಬಲಕ್ಕೆ; ಗಡಿವಿವಾದಕ್ಕೆ ಇಷ್ಟು ಸುಲಭವಾದ ಪರಿಹಾರ ಯಾವ ಆಯೋಗಕ್ಕೂ ಹೊಳೆದಿರಲಿಲ್ಲ. ಬ್ರಶ್ಶಿನಿಂದ ತಿಕ್ಕುವ ನೀರಸ ಕಾರ್ಯವನ್ನು ಅರ್ಧಕ್ಕೇ ಬಿಟ್ಟು, ಬಾಗಿಲುಗಳನ್ನು ತೆರೆದಿಟ್ಟು ಗೇಣಿಗಿಂತ ತುಸು ದೂರದಿಂದ ತೆಳುವಾಗಿ ಹೊಡೆದು, ಒಣಗಿದ ಮೇಲೆ ಮತ್ತೊಂದು ಲೇಪವನ್ನು ಕೊಡಬೇಕಾದ ಸ್ಪ್ರೇ ಬಣ್ಣವನ್ನು, ಬಾಗಿಲು ಹಾಕಿಕೊಂಡು, ಮೂಗಿಗೆ ವಸ್ತ್ರವನ್ನೂ ಕಟ್ಟಿಕೊಳ್ಳದೆ, ಒಂದೇ ಉಸಿರಿಗೆ ಡಬ್ಬಿಗಳೆಲ್ಲ ಬರಿದಾಗುವವರೆಗೆ ಸಿಂಪಡಿಸಿದರು. ಹೊರಬಂದಾಗ ಅವರ ಮೀಸೆ ಮರಳಿ ತಾರುಣ್ಯವನ್ನು ಪಡೆದಿತ್ತು.

ಅವರ ಪತ್ನಿ ಇಣುಕಿ ನೋಡಿ, “ಇದಕಿಂತ ಒಂದ್ ಸೊಲ್ಲಾಪುರಿ ಚಾದರ ಹೊಲದಿದ್ರ ಚಂದ ಇರ್ತಿತ್ತ್ರಿ,” ಎಂದರಂತೆ. ಅದು ಹೆಂಗಸರ ಅಜ್ಞಾನವೆಂದು ಮಾಸ್ತರರು ಕ್ಷಮಿಸಿದರು. ನನಗಾದರೋ ಆ ಸಲಹೆಯಲ್ಲಿ ಹೆಚ್ಚಿನ ಶಾಸ್ತ್ರಜ್ಞಾನ ಕಂಡಿತು.

ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ ಅವರೊಡನೆ ಹೋದ ಬೀಗರ ಗಾಂಧಿ ಟೋಪಿಗಳು ಬಿಳಿಯಾಗಿ ಹತ್ತಿ, ಕರಿಯ ಹಿಟ್ಟು ಹಚ್ಚಿಕೊಂಡು ಇಳಿದವು. ಬಣ್ಣವು ಫೋಮಿನ ಪುಡಿಯನ್ನು ಹಿಡಿದಿತ್ತೇ ಹೊರತು ಹಲಗೆಯನ್ನಲ್ಲ. ಮಾಸ್ತರರ ಮಟ್ಟಿಗೆ ದೋಷ ಟೋಪಿಯದು. ಡಬ್ಬಿಗಳಿಗೆ ಸುರಿದ ದುಡ್ಡು ಕುಶನ್ ಹುಡುಗನ ಕೂಲಿಯನ್ನು ದಾಟಿದೆಯೆಂಬುದನ್ನು ಅವರ ಎದುರಿಗೆ ಯಾರೂ ಆಡುವುದಿಲ್ಲ. ಸದ್ಯ ಅವರ ದೃಷ್ಟಿ ನೆರೆಯವರ ಜೀಪಿನ ಮೇಲಿದೆ.

ವಾಚಕ ಮಹಾಶಯರೇ, ವಿಜಯಪುರ ರಸ್ತೆಯಲ್ಲಿ ನೀವು ನಿಂತಿರುವಾಗ ಕಪ್ಪು ಮೀಸೆಯ ವೃದ್ಧರೊಬ್ಬರು ಕಾರು ನಿಲ್ಲಿಸಿ “ಬರ್ರಿ, ಕೂಡ್ರಿ” ಎಂದರೆ, ಎಸ್.ಟಿ. ಬಸ್ಸು ಇನ್ನೇನು ಬಂತೆಂದು ಹೇಳಿ ಕೈಮುಗಿಯಿರಿ.