ಇಪ್ಪತ್ತೈದು ಗಂಟೆಯ ಏಕಾದಶಿ

31 ವರ್ಷ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವನು ನಾನು. ರೇಖಾಂಶದ ಪಾಠ ಬಂದಾಗಲೆಲ್ಲ ಒಂದು ಕಿತ್ತಳೆ ಹಣ್ಣು ಹಿಡಿದು ಹೋಗಿ, ಸಿಪ್ಪೆ ಸುಲಿದು, ತೊಳೆಗಳನ್ನು ತೋರಿಸಿ, ‘15 ಡಿಗ್ರಿ ಪಶ್ಚಿಮಕ್ಕೆ ಹೋದರೆ ಗಡಿಯಾರ ಒಂದು ಗಂಟೆ ಹಿಂದೆ’ ಎಂದು ಹೇಳಿ, ಆಮೇಲೆ ಆ ಭೂಮಂಡಲವನ್ನು ಸ್ಟಾಫ್ ರೂಮಿನಲ್ಲಿ ಕೂತು ತಿನ್ನುತ್ತಿದ್ದೆ. ಆ ಒಂದು ಗಂಟೆ ಎಂದಾದರೂ ನನ್ನ ಕೈಗೇ ಬಂದು ಬೀಳುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಂತು. ಬರುವುದೇನೋ ಬಂತು, ಏಕಾದಶಿಯ ದಿನ ಬಂತು.

ಇದಕ್ಕೆಲ್ಲ ಕಾರಣ ಮಗಳು. ನಮ್ಮ ಮದುವೆಗೆ 40 ವರ್ಷ ತುಂಬಿತೆಂದು, ಲಾಸ್ ಏಂಜಲೀಸ್‌ನ ತನ್ನ ಮನೆಗೆ ಬಂದಿದ್ದ ನಮ್ಮಿಬ್ಬರನ್ನು ಜನವರಿಯಲ್ಲಿ ಹವಾಯಿಗೆ ಹೋಗಿಬರುವ ಹಡಗು ಹತ್ತಿಸಿದಳು. 15 ದಿನ. ‘ಅಪ್ಪಾ, ಅಲ್ಲಿ ನೀನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಇರಬೇಕು, ಅಷ್ಟೆ’ ಎಂದಳು. ಇಷ್ಟು ಕಷ್ಟದ ಕೆಲಸವನ್ನು ಯಾವ ಹೆಡ್‌ಮಾಸ್ಟರೂ ನನಗೆ ಒಪ್ಪಿಸಿರಲಿಲ್ಲ.

ಹವಾಯಿ ಅಲ್ಲಿಂದ ಸುಮಾರು 4,000 ಕಿಲೋಮೀಟರ್. ಹಡಗು ಗಂಟೆಗೆ 35 ಕಿಲೋಮೀಟರಿನಂತೆ, ಚಾರ್ಮಾಡಿ ಘಾಟಿ ಹತ್ತುವ ಕೆಂಪು ಬಸ್ಸಿನ ಹಾಗೆ, ಆದರೆ ಏದುಸಿರಿಲ್ಲದೆ ಸಾಗುತ್ತದೆ. ನಾಲ್ಕು ದಿನ ಬರೀ ನೀರು. ನೆಲ ಕಾಣುವುದು ಐದನೆಯ ದಿನ. ಚಳಿಗಾಲದ ಇಂಥ ಯಾನಗಳಿಗೆ ಬರುವವರು ಬಹುಪಾಲು ಕೆನಡಾದ, ಅಮೆರಿಕದ ಉತ್ತರ ರಾಜ್ಯಗಳ ಹಿಮಕ್ಕೆ ಬೆನ್ನು ತಿರುಗಿಸಿ ಬಂದ ನಿವೃತ್ತರು. 68ರ ನನ್ನನ್ನು ಲಿಫ್ಟಿನಲ್ಲಿ ಒಬ್ಬ ಅಜ್ಜಿ ‘ಯಂಗ್ ಮ್ಯಾನ್’ ಎಂದು ಕರೆದು ಗುಂಡಿ ಒತ್ತಿಸಿಕೊಂಡರು. ಆ ಹೊತ್ತಿನಿಂದ ನಾನು ಮೆಟ್ಟಿಲು ಹತ್ತಿಯೇ ಓಡಾಡತೊಡಗಿದೆ. ಮಂಡಿ ನೋವು ಬಂದದ್ದು ಹಾಗೆ.

ನಾನು ಹೇಳಹೊರಟಿರುವುದು ಮೂರನೆಯ ದಿನದ ಕಥೆ. ಹಿಂದಿನ ರಾತ್ರಿ ಕೋಣೆ ಓರಣ ಮಾಡುವ ಹುಡುಗ ಹಾಸಿಗೆಯ ಮೇಲೆ ಎರಡು ವಸ್ತು ಬಿಟ್ಟುಹೋಗಿದ್ದ. ಒಂದು, ಟವೆಲ್ಲು ಮಡಚಿ ಮಾಡಿದ ಆನೆ. ಮೈಸೂರಿನವಳಾದ ನನ್ನ ಹೆಂಡತಿ ಅದಕ್ಕೆ ತನ್ನ ಜರಿಯಂಚಿನ ಕರ್ಚೀಫು ಹೊದಿಸಿ ಜಂಬೂಸವಾರಿಗೆ ಸಜ್ಜು ಮಾಡಿದಳು. ಇನ್ನೊಂದು, ಮರುದಿನದ ಕಾರ್ಯಕ್ರಮಗಳ ಪಟ್ಟಿ. ಅದರ ಕೊನೆಯಲ್ಲಿ ದಪ್ಪಕ್ಷರದಲ್ಲಿ: ನಾಳೆ ರಾತ್ರಿ 2 ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ಲಾಸ್ ಏಂಜಲೀಸಿಗೂ ಹವಾಯಿಗೂ ಚಳಿಗಾಲದಲ್ಲಿ ಎರಡು ಗಂಟೆ ಅಂತರ. ಮೊದಲನೆಯ ಗಂಟೆಯನ್ನು ಹೊರಟ ರಾತ್ರಿಯೇ ಕೊಟ್ಟಿದ್ದರು. ನಿದ್ದೆಯಲ್ಲಿದ್ದ ನಮಗೆ ಅದು ಗೊತ್ತೇ ಆಗಿರಲಿಲ್ಲ. ‘ನಾಳೆಯ ದಿನಕ್ಕೆ 25 ಗಂಟೆ ಕಣೇ!’ ಎಂದೆ ಉಬ್ಬಿ. ಆಕೆ ಪೆಟ್ಟಿಗೆಯಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ‘ನಾಳೆ ಏಕಾದಶಿ’ ಎಂದಳು.

‘ಅದು ಮೈಸೂರಿನ ಏಕಾದಶಿ. ನಡುಸಮುದ್ರದಲ್ಲಿ ಯಾವ ಏಕಾದಶಿ?’

‘ನಿಮ್ಮನ್ನು ಯಾರು ಮಾಡಿ ಅಂದರು? ನೀವು ತಿನ್ನಿ.’

ಈ ಎರಡು ಪದವನ್ನು ಆಕೆ ಹೇಳಿದ ರೀತಿಗೆ 40 ವರ್ಷದ ಇತಿಹಾಸವಿದೆ. ‘ನಾನೂ ಮಾಡುತ್ತೇನೆ’ ಅಂದುಬಿಟ್ಟೆ. ಹೇಳಿದ ಮೇಲೆ ಪಟ್ಟಿ ತಿರುಗಿಸಿ ನೋಡಿದರೆ ಅದರಲ್ಲಿ ಅರ್ಧ ಊಟದ ವೇಳೆಗಳೇ. ಬೆಳಗಿನ ತಿಂಡಿ, ತಡವಾಗಿ ಎದ್ದವರ ತಿಂಡಿ, ಮಧ್ಯಾಹ್ನದ ಊಟ, ಈಜುಕೊಳದ ಪಕ್ಕದ ಪಿಜ್ಜಾ, ನಾಲ್ಕು ಗಂಟೆಯ ಟೀ, ಎರಡು ಸರದಿಯ ರಾತ್ರಿಯೂಟ. ಇವುಗಳ ಸಂದುಗೊಂದುಗಳಲ್ಲಿ ವ್ಯಾಯಾಮ.

ಬೆಳಗ್ಗೆ ಎದ್ದವರೇ ಡೆಕ್ಕಿಗೆ ಹೋದೆವು. ಗಾಳಿ ಬೆಚ್ಚಗಾಗಿತ್ತು; ಹೊರಟಾಗ ಹಾಕಿದ್ದ ಸ್ವೆಟರುಗಳೆಲ್ಲ ಕೋಣೆ ಸೇರಿದ್ದವು. ಹಡಗನ್ನು ಸುತ್ತಲು ಅಲ್ಲೊಂದು ಉದ್ದದ ಹಾದಿಯಿದೆ. ಎಲ್ಲರೂ ಎಡಕ್ಕೆ ಸುತ್ತುತ್ತಿದ್ದರು. ನನ್ನವಳು, ‘ಅಪ್ರದಕ್ಷಿಣೆ ಯಾಕೆ ಹಾಕುತ್ತಾರೋ’ ಎಂದು ಗೊಣಗಿ ಬಲಕ್ಕೆ ಹೊರಟಳು. ಎದುರಾದ ಪ್ರತಿಯೊಬ್ಬರೂ ಅವಳಿಗೆ ‘ಗುಡ್ ಮಾರ್ನಿಂಗ್’ ಎಂದರು. ಮೂರು ಸುತ್ತಿಗೆ ಆರು ಸಲ. ಜನರ ಜೊತೆಗೇ ನಡೆದ ನನಗೆ ಸಿಕ್ಕಿದ್ದು ಮುಂದಿನವರ ಬೆನ್ನು ಮಾತ್ರ.

ಏನೂ ಮಾಡದಿರುವ ದಿನಕ್ಕೆ ಎಷ್ಟೊಂದು ಕೆಲಸ ಕಂಡುಹಿಡಿದಿದ್ದಾರೆ! ಹತ್ತಕ್ಕೆ ಉಕುಲೇಲೆ ಕಲಿಸುವ ತರಗತಿ. 1879ರಲ್ಲಿ ಕಬ್ಬಿನ ತೋಟದ ಕೆಲಸಕ್ಕೆಂದು ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ಹವಾಯಿಗೆ ಬಂದವರ ಕಂಕುಳಲ್ಲಿದ್ದ ಪುಟ್ಟ ಗಿಟಾರಿನ ವಂಶದ್ದು ಈ ವಾದ್ಯ. ಹೆಸರಿನ ಅರ್ಥ ‘ಕುಪ್ಪಳಿಸುವ ಚಿಗಟ’ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾಲ್ಕು ತಂತಿ, ಮೂವತ್ತು ಮಂದಿ ವೃದ್ಧರು. ನನ್ನ ಚಿಗಟ ಕುಪ್ಪಳಿಸಲಿಲ್ಲ, ಕುಂಟಿತು. ಮೇಷ್ಟರಾಗಿದ್ದವನು ಹಿಂದಿನ ಬೆಂಚಿನಲ್ಲಿ ಕೂತರೆ ಏನಾಗುತ್ತದೆಂದು ತಿಳಿಯಿತು: ಪಕ್ಕದವನ ಜೊತೆ ಹರಟಬೇಕೆನಿಸುತ್ತದೆ.

ಹರಟಿದೆ. ವಾಂಕೂವರ್ ಕಡೆಯ ಆತ ನನಗೊಂದು ಹೊಸ ವಿಷಯ ಹೇಳಿದ. ಹಿಂತಿರುಗುವಾಗ ಹಡಗು ಮೆಕ್ಸಿಕೋದ ಎನ್ಸೆನಾಡದಲ್ಲಿ ಸುಮ್ಮನೆ ಒಮ್ಮೆ ನಿಲ್ಲುತ್ತದಂತೆ. ನಮ್ಮ ಹಡಗಿಗೆ ಬಹಾಮಾಸ್‌ನ ಬಾವುಟ. ಪರದೇಶದ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಹತ್ತಿದವರನ್ನು ಬೇರೆ ಯಾವ ದೇಶವನ್ನೂ ಮುಟ್ಟಿಸದೆ ಅಮೆರಿಕದಲ್ಲೇ ತಿರುಗಿಸಿ ತಂದು ಇಳಿಸುವಂತಿಲ್ಲ. 1886ರ ಕಾಯ್ದೆ, ಇಂದಿಗೂ ಚಾಲ್ತಿಯಲ್ಲಿದೆ. ಇದನ್ನು ಬಂದು ಹೇಳಿದರೆ ಹೆಂಡತಿಗೆ ಬಹಳ ಸಮಾಧಾನವಾಯಿತು. ‘ನೋಡಿ, ಇವರಲ್ಲೂ ಮಡಿ ಇದೆ.’

ನಡುಹಗಲಿಗೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಕಾಣಿಸಿಕೊಂಡರು, ಅಂದರೆ ಕೇಳಿಸಿಕೊಂಡರು. ಗಾಳಿ ಇಷ್ಟು, ಅಲೆ ಇಷ್ಟು, ಕೆಳಗೆ ಆಳ ನಾಲ್ಕೂವರೆ ಸಾವಿರ ಮೀಟರಿಗೂ ಹೆಚ್ಚು. ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ತುದಿ ಕಾಣದು. ನನ್ನ ಹೊಟ್ಟೆಯಲ್ಲೂ ಆಗ ಹೆಚ್ಚುಕಡಿಮೆ ಅದೇ ಆಳ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಎಲ್ಲೋ ತಳದಲ್ಲಿ ಬಿದ್ದಿದ್ದವು.

ಊಟದ ಹೊತ್ತನ್ನು ಕಳೆಯಲೆಂದೇ ರಂಗಮಂದಿರದ ಉಪನ್ಯಾಸಕ್ಕೆ ಹೋದೆ. ವಿಷಯ ಹಂಪ್‌ಬ್ಯಾಕ್ ತಿಮಿಂಗಿಲ. ಬೇಸಿಗೆಯೆಲ್ಲ ಅಲಾಸ್ಕದ ತಣ್ಣೀರಿನಲ್ಲಿ ಮೂಗಿನವರೆಗೆ ಉಂಡು ಕೊಬ್ಬು ಕಟ್ಟಿಕೊಂಡು, ಚಳಿಗಾಲಕ್ಕೆ 4,000 ಕಿಲೋಮೀಟರಿಗೂ ಹೆಚ್ಚು ಈಜಿ ಹವಾಯಿಗೆ ಬರುತ್ತವೆ. ಬಾಣಂತನಕ್ಕೆ, ಮದುವೆಗೆ. ಅಲ್ಲಿರುವ ತಿಂಗಳುಗಳಲ್ಲಿ ಬಹುಮಟ್ಟಿಗೆ ಏನೂ ತಿನ್ನುವುದಿಲ್ಲ; ತಾಯಂದಿರು ಉಪವಾಸದಲ್ಲೇ ಮರಿಗಳಿಗೆ ಹಾಲೂಡುತ್ತಾರೆ. ಮೂವತ್ತು-ನಲವತ್ತು ಟನ್ ತೂಗುವ ಜೀವ, ಮದುವೆಮನೆಗೆ ಬಂದು ಊಟ ಮುಟ್ಟದೆ ಹೋಗುವುದು! ಅದೇ ದ್ವೀಪಗಳಿಗೆ ಅದೇ ಋತುವಿನಲ್ಲಿ ಹೊರಟ ನಮ್ಮ ಹಡಗಿನ ಜನ ಆ ಹೊತ್ತಿಗೆ ಮೂರನೆಯ ತಟ್ಟೆ ಹಿಡಿದಿದ್ದರು. ನಾನು ಮಾತ್ರ ತಿಮಿಂಗಿಲಗಳ ಪಕ್ಷ. ಈ ಹೆಮ್ಮೆ ಸುಮಾರು ಒಂದೂವರೆ ಗಂಟೆ ತಡೆಯಿತು.

ನಾಲ್ಕಕ್ಕೆ ಟೀ. ಬಿಳಿ ಕೈಗವಸಿನವರು ಮೂರಂತಸ್ತಿನ ತಟ್ಟೆಗಳಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್ ತಂದರು. ಸ್ಯಾಂಡ್‌ವಿಚ್ಚಿಗೆ ಹೆಸರು ಬಂದದ್ದು ಒಬ್ಬ ಇಂಗ್ಲಿಷ್ ಜಹಗೀರುದಾರರಿಂದ. 1778ರಲ್ಲಿ ಕ್ಯಾಪ್ಟನ್ ಕುಕ್ ಹವಾಯಿಗೆ ಬಂದಾಗ ಅದೇ ಲಾರ್ಡ್ ಸ್ಯಾಂಡ್‌ವಿಚ್ಚರ ಹೆಸರನ್ನೇ ಆ ದ್ವೀಪಗಳಿಗೂ ಇಟ್ಟಿದ್ದ. ಉಪವಾಸ ಕೂತವನು ಸ್ಯಾಂಡ್‌ವಿಚ್ ದ್ವೀಪಗಳತ್ತ ಹೊರಟಿದ್ದಾನೆ! ಭೂಗೋಳ ಇಷ್ಟು ಕ್ರೂರಿಯೆಂದು ಮಕ್ಕಳಿಗೆ ಹೇಳಿಕೊಡಲಿಲ್ಲವಲ್ಲ. ಆಗ ಮಿಂಚಿನಂತೆ ಒಂದು ಲೆಕ್ಕ ಹೊಳೆಯಿತು.

‘ಈಗ ಮೈಸೂರಿನಲ್ಲಿ ಎಷ್ಟು ಗಂಟೆ ಗೊತ್ತೇನೇ? ನಾಳೆ ಬೆಳಗಿನ ಆರೂವರೆ. ದ್ವಾದಶಿ ಬಂದಾಯಿತು. ನಿನ್ನ ಅತ್ತಿಗೆ ಪಾರಣೆಗೆ ಕುಕ್ಕರು ಇಟ್ಟಿರುತ್ತಾರೆ. ಪಂಚಾಂಗ ಮೈಸೂರಿನದು ತಾನೆ?’

ಆಕೆ ಸಮುದ್ರದತ್ತ ಕೈ ತೋರಿಸಿದಳು. ‘ಸೂರ್ಯ ಅಲ್ಲಿದ್ದಾನೆ. ಇನ್ನೂ ಮುಳುಗೇ ಇಲ್ಲ, ಹುಟ್ಟುವುದು ಆಮೇಲೆ. ದಿನ ಮೈಸೂರಿನದು, ಹೊತ್ತು ಹಡಗಿನದು.’

ಧರ್ಮಸಿಂಧು ಬರೆದವರಿಗೂ ಈ ತೀರ್ಪಿಗೆ ಉತ್ತರ ಸಿಗುತ್ತಿರಲಿಲ್ಲ. ನಮ್ಮ ಮಾತು ಕೇಳಿ ಟೀ ಬಡಿಸುತ್ತಿದ್ದ ಹುಡುಗ ಕೆಟಲ್ಲು ಹಿಡಿದುಕೊಂಡೇ ನಿಂತುಬಿಟ್ಟ. ‘ಕನ್ನಡವಾ? ನಂದು ಕುಂದಾಪ್ರ ಕಡೆ ಸರ್.’ ಹಡಗುಗಳಲ್ಲಿ ಗೋವಾದವರು, ಮಂಗಳೂರಿನ ಕಡೆಯವರು ಇರುತ್ತಾರೆಂದು ಕೇಳಿದ್ದೆ. ಏಕಾದಶಿ ಗೊತ್ತಿರುವವನೇ ಸಿಗುತ್ತಾನೆಂದು ಎಣಿಸಿರಲಿಲ್ಲ. ‘ಉಪವಾಸವಾ? ಐದು ವರ್ಷದಲ್ಲಿ ಈ ಕೆಲಸದಲ್ಲಿ ಉಪವಾಸ ಅಂದವರು ನೀವೇ ಮೊದಲು ಕಾಣಿ’ ಎಂದು ನಕ್ಕು ಒಳಗೆ ಹೋಗಿ, ಪಪ್ಪಾಯ, ಅನಾನಸು ಹೆಚ್ಚಿಸಿಕೊಂಡು, ಬಿಸಿ ಹಾಲಿನ ಲೋಟದ ಜೊತೆ ಬಂದ. ಮೇಷ್ಟರೆಂದು ತಿಳಿದ ಮೇಲೆ ‘ಸರ್’ ಹೋಗಿ ‘ಮಾಷ್ಟ್ರೇ’ ಬಂತು.

‘ಇವತ್ತು ರಾತ್ರಿ ಒಂದು ಗಂಟೆ ಜಾಸ್ತಿ ಅಲ್ಲವಾ ಮಾಷ್ಟ್ರೇ, ನಮಗೆಲ್ಲ ಹಬ್ಬ’ ಎಂದ. ಎಂಟು ತಿಂಗಳ ಕರಾರು, ವಾರದ ರಜೆಯೆಂಬುದಿಲ್ಲ, ಏಳು ದಿನವೂ ಕೆಲಸ. ಮಲಗುವ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಇಬ್ಬರಿಗೆ ಒಂದು, ಕಿಟಕಿಯಿಲ್ಲ. ಪಶ್ಚಿಮಕ್ಕೆ ಹೋಗುವ ರಾತ್ರಿಗಳಲ್ಲಿ ಮಾತ್ರ ಒಂದು ಗಂಟೆ ನಿದ್ದೆ ಪುಕ್ಕಟೆ. ‘ಬರುವಾಗ ಕಿತ್ತುಕೊಳ್ತಾರೆ ಬಿಡಿ. ಕೈಗಡ ಇದ್ದ ಹಾಗೆ.’ ಅಷ್ಟರಲ್ಲಿ ಪಕ್ಕದ ಮೇಜಿನಿಂದ ಯಾರೋ ಕೈ ಎತ್ತಿದರು. ಹೋದ.

31 ವರ್ಷದಲ್ಲಿ ಆ ಒಂದು ಗಂಟೆಯ ಬಗ್ಗೆ ನಾನು ಬೋರ್ಡಿನ ಮೇಲೆ ಬರೆದದ್ದೆಲ್ಲ ಡಿಗ್ರಿ, ನಿಮಿಷ, ಸೆಕೆಂಡು. ಅದನ್ನು ಕಾದು ಕೂತು ಮಲಗುವವರು ಇರುತ್ತಾರೆಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ನನಗೋ, ಅದರಲ್ಲಿ ಹಸಿವಿನ ಲೆಕ್ಕ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ: ಪಾರಣೆ ಒಂದು ಗಂಟೆ ದೂರ ಸರಿಯಿತು.

ಸೂರ್ಯ ಮುಳುಗುವುದನ್ನು ಕುರ್ಚಿಯಲ್ಲಿ ಒರಗಿ ನೋಡಿದೆವು. ಇಂಥದ್ದರಷ್ಟು ಚೆನ್ನಾಗಿತ್ತೆಂದು ಹೇಳಲು ಉಪಮೆ ಹುಡುಕಿದರೆ ಬಂದದ್ದೆಲ್ಲ ತಿಂಡಿಗಳೇ, ಆದ್ದರಿಂದ ಸುಮ್ಮನಿದ್ದೆ. ಕೋಣೆಗೆ ಬಂದರೆ ಹಾಸಿಗೆಯ ಮೇಲೆ ಹೊಸ ಟವೆಲ್ಲಿನ ಮಂಗ ನೇತಾಡುತ್ತಿತ್ತು.

ಮಲಗುವ ಮುಂಚೆ ಗಡಿಯಾರ. ನನ್ನದು ಕೀಲಿ ಕೊಡುವ ಎಚ್‌ಎಂಟಿ ಜನತಾ, ಅಪ್ಪ ಕೊಟ್ಟದ್ದು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಗಡಿಯಾರ ಕೆಡುತ್ತದೆಂದು ಅಪ್ಪ ಹೇಳಿದ್ದನ್ನು ನಾನು ಈವರೆಗೆ ಮೀರಿಲ್ಲ. ಹತ್ತನ್ನು ಒಂಬತ್ತು ಮಾಡಬೇಕಾದರೆ ಹನ್ನೊಂದು ಸುತ್ತು ಮುಂದಕ್ಕೇ ಹೋಗಬೇಕು. ದೀಪದ ಕೆಳಗೆ ಕೂತು ತಿರುಗಿಸತೊಡಗಿದೆ. ಹನ್ನೊಂದು, ಹನ್ನೆರಡು, ಒಂದು, ಎರಡು. ಹೆಬ್ಬೆರಳು ನೋಯಿತು. ಐದು, ಆರು, ಏಳು. ಎಂಟಕ್ಕೆ ಬಂದಾಗ ಕೈ ತಾನಾಗಿಯೇ ನಿಂತಿತು; ಎಂಟೆಂದರೆ ನಮ್ಮ ಮನೆಯಲ್ಲಿ ತಿಂಡಿಯ ಹೊತ್ತು.

‘ಅಲ್ಲಿ ನಿಲ್ಲಿಸಬೇಡಿ’ ಎಂದಳು ಆಕೆ, ಕಣ್ಣು ಮುಚ್ಚಿಕೊಂಡೇ. ‘ಇನ್ನೊಂದು ಸುತ್ತಿದೆ.’