‘ನನ್ನ ಕಿವಿ ಹಿಡಿದೇ ಟೇಬಲ್ ಜೋಡಿಸ್ತಾರೆ’

ಹೊಸೂರಿನಿಂದ ತಳಿ ರಸ್ತೆ ಹಿಡಿದು ಎಲ್ಲೋ ಒಂದು ಕಡೆ ಇಳಿದರೆ ಒಂದು ರಾಗಿ ಹೊಲ. ಬದುವಿನಲ್ಲಿ ಅರ್ಧ ಹೂತುಹೋದ ಸರ್ವೆ ಕಲ್ಲು. ಅದಕ್ಕೆ ಒರಗಿಕೊಂಡು ಕೂತಿದ್ದವರು ಸರ್ವೆ ನಂಬರ್ 214/2ಬಿ. ಬಾಯಲ್ಲಿ 2 ಎಕರೆ, ಕಾಗದದಲ್ಲಿ 0.81 ಹೆಕ್ಟೇರು.

ಯಜಮಾನ್ರೇ, ನಿಮ್ಮದು ಯಾವೂರು?

ಊರಿನ ಹೆಸರು ಮಾತ್ರ ಬರೀಬ್ಯಾಡಿ ಸಾಮಿ. ಬರೆದ್ರೆ ನಾಳೆ ಬೆಳಿಗ್ಗೆ ಲೇಔಟಿನವರು ಬಣ್ಣ ಬಳಿದ ಕಲ್ಲು ನೆಟ್ಟಿರ್ತಾರೆ.

ಜಿಲ್ಲೆಯನ್ನಾದ್ರೂ ಹೇಳಿ.

ಯಾವ ವರ್ಷದ್ದು ಹೇಳ್ಲಿ? ಮೊದಲು ಸೇಲಂ, 1965ರಲ್ಲಿ ಧರ್ಮಪುರಿ, 2004ರಿಂದ ಕೃಷ್ಣಗಿರಿ. ನಾನು ಒಂದಂಗುಲ ಅಲ್ಲಾಡಿಲ್ಲ, ಜಿಲ್ಲೆಗಳೇ ನನ್ನ ಮೇಲೆ ಹಾದುಹೋದ್ವು. ತಾತನ ಕ್ರಯಪತ್ರದಲ್ಲಿ ಸೇಲಂ, ಮೊಮ್ಮಗನ ಪಟ್ಟಾದಲ್ಲಿ ಕೃಷ್ಣಗಿರಿ. ಇವರಿಬ್ಬರೂ ಒಂದೇ ಮನೆಯವರಾ ಅಂತ ಕಂಪ್ಯೂಟರಿಗೆ ಅನುಮಾನ.

ನಿಮ್ಮ ಕಿವಿ ಹಿಡಿದು ಟೇಬಲ್ ಜೋಡಿಸ್ತಾರಂತಲ್ಲ, ಹಾಗಂದ್ರೇನು?

ಆಗ ಫೈಲು ಟೇಬಲ್‌ನಿಂದ ಟೇಬಲ್‌ಗೆ ಹೋಗ್ತಿತ್ತು. ಈಗ ಕಂಪ್ಯೂಟರಿನೊಳಗೆ ಟೇಬಲ್ಲೇ ಟೇಬಲ್ಲನ್ನ ಹುಡುಕ್ಕೊಂಡು ಬರ್ತದೆ. ನಾನು ನಂಜೆಯೋ ಪುಂಜೆಯೋ, ಅಂದ್ರೆ ತರಿಯೋ ಖುಷ್ಕಿಯೋ ಅನ್ನೋದು ಎ ರಿಜಿಸ್ಟರಿನಲ್ಲಿ. ಯಜಮಾನ ಯಾರು ಅನ್ನೋದು ಚಿಟ್ಟಾದಲ್ಲಿ. ಈ ಸಲ ರಾಗಿಯೋ ಅವರೆಯೋ, ಅದು ಅಡಂಗಲ್‌ನಲ್ಲಿ. ಇಷ್ಟೂ ಕಂದಾಯದವರದು. ಮಾರಿದ್ದು, ಕೊಂಡದ್ದು, ಅಡ ಇಟ್ಟದ್ದು ನೋಂದಣಿಯವರ ವಿಲ್ಲಂಗದಲ್ಲಿ. ಅದು ಬೇರೆ ಇಲಾಖೆ, ಬೇರೆ ದೇವರು. ಎಲ್ಲದರಲ್ಲೂ ಇರೋನು ನಾನೊಬ್ಬ. ಅದಕ್ಕೇ ನನ್ನ ಕಿವಿ ಹಿಡಿದು ಜೋಡಿಸ್ತಾರೆ. ಒಂದು ಕಡೆ 214/2ಬಿ, ಇನ್ನೊಂದು ಕಡೆ 214-2ಬಿ ಅಂತ ಬರೆದಿದ್ರೆ ಮುಗೀತು. ಆ ಸಣ್ಣ ಗೀಟಿಗೆ ನಾನು ಅನಾಥ.

ಹೆಸರು ನೋಡಿ ಜೋಡಿಸಬಹುದಲ್ಲ?

(ಹೊಟ್ಟೆ ಹಿಡಿದುಕೊಂಡು ನಕ್ಕರು.) ನಮ್ಮ ಗಂಗಮ್ಮನ್ನ ಕೇಳಿ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಓದೋರು ಬಾಯಲ್ಲೇ ಸರಿಮಾಡ್ಕೊಂತಾರೆ, ಯಂತ್ರಕ್ಕೆ ಬಾಯೆಲ್ಲಿ? ಅದನ್ನ ಇಂಗ್ಲಿಷಿಗೆ ಇಳಿಸಿದ್ರೆ ಕಂಗಮ್ಮ. ಆಧಾರ್‌ನಲ್ಲಿ ಗಂಗಮ್ಮ. ಹೆಂಗಸು ಒಬ್ಬಳೇ, ಮಾಲೀಕರು ಇಬ್ಬರು. ಅಷ್ಟೇಕೆ, ನಮ್ಮ ಹೊಸೂರನ್ನೇ ತಮಿಳಿನಲ್ಲಿ ‘ಓಸೂರ್’ ಅಂತ ಬರೀತಾರೆ. ಹೊಸೂರಿಗೇ ಹೊಸೂರು ತಾಳೆಯಾಗಲ್ಲ. ಅವರನ್ನ ಅಂದು ಏನು ಫಲ, ಅವರ ‘ೞ’ ನಮ್ಮ ಬಾಯಲ್ಲಿ ಬರ್ತದಾ?

(ಹಳಗನ್ನಡದಲ್ಲಿ ಇತ್ತು. ಬಿಟ್ಟವರು ನಾವೇ.)

ಹೋಗಲಿ, ತಾರೀಕು ನೋಡಿ ಕೊನೇ ದಾಖಲೆಯನ್ನ ಮಾತ್ರ ಇಟ್ಕೊಂಡ್ರೆ?

ಯಾವ ತಾರೀಕು? ಕ್ರಯ ಬರೆದದ್ದು ಒಂದು ದಿನ, ನೋಂದಣಿ ಆದದ್ದು ಇನ್ನೊಂದು ದಿನ, ಪಟ್ಟಾದಲ್ಲಿ ಹೆಸರು ಬದಲಾದದ್ದು ಮತ್ತೊಂದು ದಿನ, ಅದನ್ನ ಕಂಪ್ಯೂಟರಿಗೆ ಹೊಡೆದದ್ದು ಮಗದೊಂದು ದಿನ. ಒಬ್ಬ ದುಡ್ಡು ಕೊಟ್ಟು ಕೊಂಡ, ಪಟ್ಟಾ ಮಾಡಿಸೋದು ಮರೆತ. ಮಾರಿದವನ ಮಗ ಇಪ್ಪತ್ತು ವರ್ಷ ಬಿಟ್ಟು ಬಂದು ‘ಅಪ್ಪನ ಆಸ್ತಿ’ ಅಂತ ಪಟ್ಟಾ ಮಾಡಿಸ್ಕೊಂಡ. ಕೊನೇ ದಾಖಲೆ ಯಾರದು? ಉತ್ತವನದಲ್ಲ ಸಾಮಿ, ಕೊನೇಲಿ ಕೌಂಟರಿಗೆ ಬಂದವನದು.

ಒಬ್ಬ ಸಾಫ್ಟ್‌ವೇರ್ ಹುಡುಗ ಬಂದಿದ್ದ. ನಂಬರಿಗೊಂದು ಗುಂಪು ಮಾಡಿ, ಎಲ್ಲಕ್ಕಿಂತ ದೊಡ್ಡ ತಾರೀಕು ಎತ್ತಿಕೊಂಡ. ಹೆಸರಿನಲ್ಲೂ ಎಲ್ಲಕ್ಕಿಂತ ‘ದೊಡ್ಡದನ್ನೇ’ ಎತ್ತಿಕೊಂಡ. ಅಕ್ಷರಮಾಲೆಯಲ್ಲಿ ತಾತನ ಹೆಸರು ಕೊನೇಲಿ ಬರ್ತದಂತೆ. ತಾರೀಕು ಮೊಮ್ಮಗನದು, ಹೆಸರು ತಾತಂದು. ತಿಥಿ ಊಟ ಮಾಡಿಸಿಕೊಂಡ ಮುದುಕ ಹೋದ ವರ್ಷ ಜಮೀನು ಕೊಂಡಂಗಾಯ್ತು.

ಅವನದೇ ಇನ್ನೊಂದು ಪ್ರತಾಪ ಕೇಳಿ. ಚಿಟ್ಟಾದಲ್ಲಿ ಮೂವರು ಅಣ್ಣತಮ್ಮಂದಿರು, ವಿಲ್ಲಂಗದಲ್ಲಿ ನಾಲ್ಕು ನಮೂದು. ಜೋಡಿಸಿದಾಗ 12 ಸಾಲು. ಸಾಲಿಗೆ 2 ಎಕರೆಯಂತೆ ಕೂಡಿ ನನ್ನನ್ನ 24 ಎಕರೆ ಮಾಡಿದ. ಒಂದು ಮಧ್ಯಾಹ್ನ ನಾನೂ ಜಮೀನ್ದಾರನಾಗಿದ್ದೆ.

ಮತ್ತೆ ಹೆಂಗೆ ಮಾಡಬೇಕಿತ್ತು?

ವಿಲ್ಲಂಗದ ನಮೂದುಗಳನ್ನ ಮೊದಲು ಅಲ್ಲೇ ನಂಬರಿನ ಪ್ರಕಾರ ವಿಂಗಡಿಸಿ, ಹೊಸದು ಮೇಲೆ ಬರೋ ಹಂಗೆ ನಿಲ್ಲಿಸಿ, ಒಂದು ಎರಡು ಅಂತ ಎಣಿಸಬೇಕು. ಒಂದನೇದನ್ನ ಇಟ್ಕೊಂಡು ಆಮೇಲೆ ಜೋಡಿಸಬೇಕು. ಒಂದೇ ದಿನ ಎರಡು ನಮೂದಿದ್ರೆ ದಸ್ತಾವೇಜು ನಂಬರು ನೋಡಬೇಕು. ಹಂಗಂತ ಅದೇ ಕತ್ತರೀನ ಚಿಟ್ಟಾಕ್ಕೂ ಹಾಕಿದ್ರೆ ಮೂವರಲ್ಲಿ ಇಬ್ಬರು ಬೀದಿಪಾಲು.

ಪಕ್ಕದ 215ರ ಕತೆ ಇನ್ನೂ ಬ್ಯಾರೆ. ನಾಲ್ಕು ತಲೆಮಾರಿಂದ ಮಾರಿಲ್ಲ, ಅಡ ಇಟ್ಟಿಲ್ಲ. ವಿಲ್ಲಂಗದಲ್ಲಿ ಹೆಸರೇ ಇಲ್ಲ. ಹುಡುಗ ‘ಎರಡೂ ಕಡೆ ಇರೋರನ್ನ ಮಾತ್ರ ಇಟ್ಕೋ’ ಅಂದ, 215 ಮಾಯ. ಇವತ್ತಿನ ಕಾಲದಲ್ಲಿ ಸಾಲ ಮಾಡದೋನು ಇದ್ದೂ ಇಲ್ಲದಂಗೆ.

ಕಂಪ್ಯೂಟರಿಗೆ ಮುಂಚೆ ಇದನ್ನೆಲ್ಲ ಯಾರು ಜೋಡಿಸ್ತಿದ್ರು?

ಅಳೆಸಿದವರು ದೊರೆಗಳು. ಘಟ್ಟದ ಕೆಳಗೆ ಕೃಷ್ಣಗಿರಿ ಸೀಮೆಯ ಬಾರಾಮಹಲನ್ನ 1792ರಲ್ಲಿ ಟಿಪ್ಪು ಬಿಟ್ಟುಕೊಟ್ಟ ಮೇಲೆ ರೀಡ್ ಸಾಹೇಬರು, ಅವರ ಕೈಕೆಳಗೆ ಮನ್ರೋ. ಜೋಡಿಸಿದವರು ಮಾತ್ರ ಶಾನುಭೋಗರು. ಯಾವ ಗಂಗಮ್ಮ ಯಾರ ಸೊಸೆ ಅನ್ನೋದು ಅವರ ತಲೆಯಲ್ಲೇ ಇತ್ತು. 1980ರಲ್ಲಿ ಸರ್ಕಾರ ಆ ಹುದ್ದೆಯನ್ನೇ ತೆಗೀತು. ಆ ತಲೆಗಳ ಬ್ಯಾಕಪ್ ಯಾರೂ ತಗೊಳ್ಳಲಿಲ್ಲ. ತಗೊಂಡಿದ್ರೆ ಒಳಗಿದ್ದ ಸುಳ್ಳೂ ಜೊತೆಗೇ ಬರ್ತಿತ್ತು ಬುಡಿ. 1979ರಿಂದ 87ರವರೆಗೆ ಯುಡಿಆರ್ ಅಂತ ಎಲ್ಲ ದಾಖಲೆ ಹೊಸದಾಗಿ ಬರೆದ್ರು. ಆಗ ತಪ್ಪಿ ಬಿದ್ದ ಹೆಸರುಗಳು ಇನ್ನೂ ತಿದ್ದುಪಡಿ ಅರ್ಜಿಯಾಗಿ ಓಡಾಡ್ತಿವೆ.

ಹಾಗಾದ್ರೆ ಹಳೇ ಸಾಲುಗಳನ್ನ ಅಳಿಸಬಾರದು ಅಂತೀರಾ?

ಮೇಲಿನ ಸಾಲು ತೋರಿಸೋಕೆ, ಕೆಳಗಿನ ಸಾಲು ಕೋರ್ಟಿಗೆ. ಕಣ್ಣಿಗೆ ಕಾಣದಂಗೆ ಇಟ್ಕೊಳ್ಳಿ, ಅಳಿಸಬ್ಯಾಡಿ.

ಇಷ್ಟು ಹೇಳಿ ಅವರು ಮತ್ತೆ ಕಲ್ಲಿಗೆ ಒರಗಿದರು. ಹೊಸೂರು, ತಳಿ, ಅಂಚೆಟ್ಟಿ ಕಡೆ ತುಂಡು ನೆಲ ಇಟ್ಟುಕೊಂಡಿರುವ ಓದುಗರು ಈ ಭಾನುವಾರ ಟ್ರಂಕು ತೆಗೆದು, ಕ್ರಯಪತ್ರವನ್ನೂ ಪಟ್ಟಾವನ್ನೂ ಪಕ್ಕಪಕ್ಕ ಇಟ್ಟು ಹೆಸರು, ನಂಬರು ತಾಳೆ ನೋಡಿ. ಗೀಟನ್ನೂ ಬಿಡಬೇಡಿ.